ಚಂದ್ರಿಯ ಬಾಲದ ವರದಿ

11 ಜನೇವರಿ 1993, ಸೋಮವಾರ

ಮೂರು ಲಗ್ನಪತ್ರಿಕೆ, ಒಂದು ತಂಬಾಕಿನ ವಖಾರಿಯ ಬಿಲ್ ಬುಕ್. ಲಗ್ನಗಳಲ್ಲಿ ಎರಡು ಮರಾಠಿ, ಒಂದು ಕನ್ನಡ. ಮೂರಕ್ಕೂ ಗಣಪತಿ ಒಬ್ಬನೇ. ಬ್ಲಾಕ್ ಸವೆದು ಸೊಂಡಿಲು ಅರ್ಧ ಮಾಯವಾಗಿದೆ. ನಿಪ್ಪಾಣಿಯಲ್ಲಿ ಯಾರೂ ದೂರಿಲ್ಲ.

ಮಗಳು ಮಾಯಿ ಹತ್ತರಿಂದ ಒಂದರವರೆಗೆ ಪ್ರೆಸ್ಸಿನಲ್ಲಿ ನನ್ನ ಜೊತೆ. ಮುಂದೆ ಪ್ರೆಸ್ಸು, ಹಿಂದೆ ಮನೆ, ಅದರ ಹಿಂದೆ ಎಮ್ಮೆ. ಮಾಯಿಯ ಜಾಗ ಅಚ್ಚುಮೊಳೆ ತುಂಬಿದ ಖಾನೆಗಳ ಕೇಸಿನ ಕೆಳಗೆ. ಉದುರಿದ ಅಚ್ಚುಮೊಳೆಗಳನ್ನು ದಪ್ಪದ ಪ್ರಕಾರ ಸಾಲಾಗಿ ನಿಲ್ಲಿಸುತ್ತಾಳೆ. ಕನ್ನಡ ಮರಾಠಿ ಎಂಬ ಭೇದವಿಲ್ಲ. ಸದ್ದಿಲ್ಲ. ಇಪ್ಪತ್ತು ವರ್ಷದಲ್ಲಿ ಇಂಥ ಕಂಪೋಜಿಟರ್ ನನಗೆ ಸಿಕ್ಕಿಲ್ಲ.

ದೀಪಾವಳಿಗೆ ನಾಲ್ಕು ತುಂಬಿತು. ಮಾತಿಲ್ಲ. ಅವ್ವ, ಅಪ್ಪ — ಅದೂ ಇಲ್ಲ. ಮದುವೆಯಾಗಿ ಹದಿಮೂರನೆಯ ವರ್ಷಕ್ಕೆ ಹುಟ್ಟಿದವಳು. ನನಗೀಗ ನಲವತ್ತಾರು.

ಹೆಂಡತಿ ಸುಂದರಾ ದಿನಾ ವೇಖಂಡ, ಅಂದರೆ ಬಜೆ, ತೇಯ್ದು, ಜೇನುತುಪ್ಪದಲ್ಲಿ ಕಲಸಿ, ಮಗಳ ನಾಲಿಗೆಗೆ ಸವರುತ್ತಾಳೆ. ಅವ್ವನದು ಗಿಣಿ ಕಚ್ಚಿದ ಪೇರಲಹಣ್ಣು. "ಗಿಣಿ ಎಂಜಲಾ ತಿಂದ ಕೂಸು ಗಿಣಿಹಂಗ ಮಾತಾಡತೈತಿ." ಐದು ವಾರದಲ್ಲಿ ಹನ್ನೊಂದು ಹಣ್ಣು. ಎರಡನ್ನು ಕಚ್ಚಿದ್ದು ಅಳಿಲು ಎಂದು ನನ್ನ ಅನುಮಾನ. ಹೇಳಲಿಲ್ಲ.

ನಾನು ಮಾಡುವುದು — ಇದು. ದಿನಚರಿ.

ಒಂದು ಗಂಟೆ. ಬಾಗಿಲಲ್ಲಿ ಅವ್ವ. "ಮುರಗ್ಯಾ, ಬರದದ್ದು ಸಾಕು, ಉಣ್ಣಾಕ ಬಾ." ಗಡಿಯಾರಕ್ಕಿಂತ ನಂಬಿಗಸ್ತ. ಸಾಕು.

14 ಜನೇವರಿ

ಸಂಕ್ರಾಂತಿ. ಈ ಊರಿನ ರೂಢಿ: ಎಳ್ಳುಂಡೆ ಕೈಗಿಟ್ಟು, "ತಿಳಗುಳ ಘ್ಯಾ, ಗೋಡ ಗೋಡ ಬೋಲಾ" ಎನ್ನುವುದು. ಎಳ್ಳುಬೆಲ್ಲ ತಿನ್ನಿ, ಸಿಹಿಸಿಹಿ ಮಾತಾಡಿ. ಸಂಜೆಯವರೆಗೆ ಮೂವತ್ತೆರಡು ಜನ ಮಾಯಿಯ ಮುಂದೆ ಬಗ್ಗಿ ಇದನ್ನೇ ಹೇಳಿದರು. ಹೇಳಿದ ಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಮಾಯಿ ಮೂವತ್ತೆರಡನ್ನೂ ತಿಂದಳು. ಒಪ್ಪಂದದ ಮೊದಲರ್ಧ ಪಾಲಿಸಿದಳು.

ಸುಂದರಾ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ.

19 ಜನೇವರಿ, ಸಂಜೆ

ಸುಂದರಾಳ ತಮ್ಮ ಬಾಬಾಸಾಹೇಬ, ಸದಲಗಾದಿಂದ. ಎರಡು ವರ್ಷದ ಹಿಂದೆ ಕುಕ್ಕರ್ ಮಾರುತ್ತಿದ್ದ. ಹೋದ ವರ್ಷ ಸೋಲಾರ್ ದೀಪ. ಈಗ ಬ್ರೀಫ್‌ಕೇಸು, ಟೈ. ಎಂ-80 ಗಾಡಿಯ ಮೇಲೆ ಬರುವಾಗ ಟೈ ಹಾರಿ ಬೆನ್ನ ಹಿಂದೆ ಹೋಗಿತ್ತು, ಅಲ್ಲೇ ಉಳಿದಿತ್ತು. ಒಂದು ತಾಸು ಹಾಗೇ ಮಾತಾಡಿದ.

ಡಬ್ಬಿಯ ಹೆಸರು 'ಧಾತುಶುದ್ಧಿ'. ಬೂದು ಪುಡಿ.

"ದಾಜಿ, ಈಗಿನ ಮಕ್ಕಳ ಮಿದುಳಿಗೆ ಏನ ಆಗೇತಿ ಗೊತ್ತೈತೇನ್ರಿ? ಲೋಹ! ಗಾಳ್ಯಾಗ ಲೋಹ, ನೀರಾಗ ಲೋಹ. ಇದು ಹಿಮಾಲಯದ ಖನಿಜ. ಒಳಗ ಹೊಕ್ಕು, ಲೋಹಾ ಹಿಡಕೊಂಡು ಹೊರಗ ಬರತೈತಿ. ಪೊಲೀಸರಗತೆ."

"ಪೊಲೀಸರು ಒಳಗ ಹೊಕ್ಕರ ಉಂಡ ಬರತಾರೋ ತಮ್ಮಾ," ಅಂದಳು ಅವ್ವ.

ನಂಬಿಸಲು ನನ್ನ ಅರ್ಧ ಕುಡಿದ ಚಹಾಕ್ಕೆ ಒಂದು ಚಿಟಿಕೆ ಹಾಕಿದ. ಚಹಾ ಕರ್ರಗಾಯಿತು. "ನೋಡಕ್ಕಾ! ಬಿತ್ತ ಹೊರಗ! ಇಷ್ಟ ಲೋಹಾ ದಿನಾ ಕುಡಿಯಾಕತ್ತೀರಿ ನೀವು!"

ನನ್ನ ಅಜ್ಜ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಶಾಯಿ ಮಾಡುತ್ತಿದ್ದ. ಒಗರಿಗೆ ಕಬ್ಬಿಣ ಬಿದ್ದರೆ ಕಪ್ಪು. ಚಹಾ ಆದರೂ ಅಷ್ಟೇ. ಬಾಬಾಸಾಹೇಬ ನನ್ನ ಕಪ್ಪಿನಲ್ಲಿ ಶಾಯಿ ಮಾಡಿದ್ದ. ಹೇಳಲೆಂದು ಬಾಯಿ ತೆರೆದೆ. ಸುಂದರಾಳ ಮುಖ ಕಂಡಿತು. ಹದಿನೇಳು ವರ್ಷದಲ್ಲಿ ಅಲ್ಲಿ ಅಷ್ಟು ಆಸೆ ನೋಡಿರಲಿಲ್ಲ. ಮುಚ್ಚಿದೆ. ಚಹಾವನ್ನು ತುಳಸಿಗೆ ಹಾಕಲು ಹೋಗಿ, ಪಾಪ ಎನಿಸಿ, ಮೋರಿಗೆ ಚೆಲ್ಲಿದೆ.

ಪುಡಿ ಕೊಡುವ ಮೊದಲು ಪರೀಕ್ಷೆಯಂತೆ. ಮಗುವಿನ ಹಿಂದಲೆಯಿಂದ ಒಂದು ಚಮಚೆಯಷ್ಟು ಕೂದಲು. ಕಂಪನಿಯ ಲ್ಯಾಬಿಗೆ ಹೋಗಬೇಕು.

20 ಜನೇವರಿ

ಕೂದಲು ಸಿಗುವ ಹಾಗಿಲ್ಲ. ಅದು ಚಿಂಚಲಿ ಮಾಯಕ್ಕನದು.

ಮಗು ಹುಟ್ಟಿದರೆ ಮೊದಲ ಕೂದಲು ನಿನಗೆ ಎಂದು ಹರಕೆ. ಹೆಸರೂ ಅವಳದೇ. ಮೂರನೆಯ ವರ್ಷ ಜಾವಳ ತೆಗೆಯಬೇಕಿತ್ತು, ಆಗ ಅಪ್ಪ ತೀರಿಕೊಂಡರು. ನಾಲ್ಕನೆಯ ವರ್ಷ ಸಮಸಂಖ್ಯೆ, ಮಾಡುವಂತಿಲ್ಲ. ಈಗ ಐದನೆಯದು ನಡೆದಿದೆ, ಬೇಸಿಗೆಗೆ ತೆಗೆಯಬೇಕು. ಇಲ್ಲಿಯವರೆಗೆ ಕತ್ತರಿ ತಾಗಿಲ್ಲ. ಸೊಂಟದ ಕೆಳಗೆ ಇಳಿದಿದೆ. ಕೂತರೆ ಮೊಳೆಗಳ ಮೇಲೆ ಗುಡಿಸುತ್ತದೆ.

"ಒಂದ ಚಮಚೆ ಕೂದಲಾ ಅತ್ತಿ. ದೇವಿಗೆ ಏನ ಕಡಿಮಿ ಆಗತೈತಿ?"

"ಮುಡಪಿನಾಗ ಒಂದ ಎಳಿ ತಗದರೂ ಎಂಜಲಾ. ನಿನ್ನ ತಮ್ಮನ ಕಂಪನಿಕಿಂತ ಮದಲ ಆಕಿ ಬುಕ್ ಮಾಡ್ಯಾಳ."

ಸುಂದರಾ ಅತ್ತಳು. ಉಣ್ಣಲಿಲ್ಲ. ಸಂಜೆಗೆ ಅವ್ವ ತಾನಾಗಿ ಕತ್ತರಿ ಕೇಳಿದಳು. "ನಾನ ಕತ್ತರಿಸಿ ಕೊಡತೀನಿ. ಯಾರೂ ನೋಡಬಾರದು." ಮಾಯಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಕಾಗದದ ಪೊಟ್ಟಣದೊಂದಿಗೆ ಬಂದಳು. ಬಾಬಾಸಾಹೇಬ ಅದನ್ನು ಕಣ್ಣಿಗೊತ್ತಿಕೊಂಡು ಒಯ್ದ.

ಅವ್ವ ಸೋತದ್ದು ನಾನು ಕಂಡಂತೆ ಇದೇ ಮೊದಲು.

18 ಫೆಬ್ರವರಿ

ವರದಿ ಬಂತು. ಕುಮಾರಿ ಮಾಯಕ್ಕ, ವಯಸ್ಸು 4. ಸೀಸ: ಅತಿ ಹೆಚ್ಚು. ಪಾದರಸ: ಹೆಚ್ಚು. ತವರ: ಹೆಚ್ಚು. ಮಿದುಳಿನ ನರಗಳ ಬೆಳವಣಿಗೆ ಕುಂಠಿತ. ಧಾತುಶುದ್ಧಿ ನಾಲ್ಕು ಡಬ್ಬಿ ಸೇವಿಸಿದರೆ ಮಾತು ಬರುವುದು.

ಹೆಸರು, ವಯಸ್ಸು ಮಾತ್ರ ಪೆನ್ನಿನಲ್ಲಿ. ಉಳಿದದ್ದೆಲ್ಲ ಅಚ್ಚು. ಹನ್ನೆರಡು ಪಾಯಿಂಟ್, ಬೋಲ್ಡ್. ಕಾಗದದ ಹಿಂದೆ ಬೆರಳಾಡಿಸಿ ನೋಡಿದೆ — 'ಅತಿ ಹೆಚ್ಚು' ಒತ್ತಿ ಮೂಡಿದೆ. ಫಲಿತಾಂಶ ಮೊದಲೇ ಅಚ್ಚಾಗಿ, ರೋಗಿಗಾಗಿ ಕಾದಿತ್ತು.

ಅವ್ವ ಬಂದು, ಓದು ಅಂದಳು. ಓದಿದೆ. ಸೆರಗು ಬಾಯಿಗೆ ಒತ್ತಿಕೊಂಡಳು. ಅಳು ಅಂದುಕೊಂಡೆ.

"ಚಂದ್ರಿ ಮಾತಾಡತಾಳಂತೇನೋ, ನಾಕ ಡಬ್ಬ್ಯಾಗ?"

ಚಂದ್ರಿ ನಮ್ಮ ಎಮ್ಮೆ.

"ದೇವಿ ಕೂದಲಾ ಕೊಡೂದ ಹೆಂಗ? ಬಾಲದ ತುದಿದು ಕತ್ತರಿಸಿದೆ. ಅದೂ ಕರೀದ ಐತಿ, ಇದೂ ಕರೀದ ಐತಿ."

ನಕ್ಕೆ. ಟ್ರೆಡಲ್ ತುಳಿಯುವ ಲಗಮಪ್ಪ ಮಷೀನು ನಿಲ್ಲಿಸಿ ನೋಡಲು ಬಂದ. ನಾನು ನಗುವುದನ್ನು ಅವನು ನೋಡಿಲ್ಲವಂತೆ. ಕೆಲಸಕ್ಕೆ ಬಂದು ಒಂಬತ್ತು ವರ್ಷ.

ನಗು ನಿಂತಿತು. ವರದಿಯ ಒಂದು ಶಬ್ದ ನಿಲ್ಲಲಿಲ್ಲ. ಸೀಸ. ಕೇಸಿನ ಮುಂದೆ ಹೋಗಿ ನಿಂತೆ. ನೂರಾರು ಸಣ್ಣ ಮನೆಗಳು. ಪ್ರತಿ ಮನೆಯಲ್ಲೂ…

ಕೆಳಗೆ ಮಾಯಿ. ಸದ್ದಿಲ್ಲ.

22 ಫೆಬ್ರವರಿ

ಡಬ್ಬಿಗಳು ಬಂದವು. ಕುಡಿಸುವ ಹೊಣೆಯನ್ನು ಅವ್ವ ತಾನೇ ಹೊತ್ತಳು. ಸುಂದರಾಳಿಗೆ ಆಶ್ಚರ್ಯ, ಕೃತಜ್ಞತೆ. ಅವ್ವ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು: "ವರದಿ ಯಾರದು? ಚಂದ್ರಿದು. ಹಂಗಾರ ಔಷಧಾ ಯಾರಿಗೆ?"

ತರ್ಕದಲ್ಲಿ ದೋಷ ಕಾಣಲಿಲ್ಲ. ಬೆಳಗ್ಗೆ ಎರಡು ಚಮಚೆ, ಹಿಂಡಿಯಲ್ಲಿ ಕಲಸಿ, ಎಮ್ಮೆಗೆ. ಮಾಯಿಗೆ ಅದೇ ಲೋಟದಲ್ಲಿ ಜೋಳದ ಅಂಬಲಿ.

26 ಫೆಬ್ರವರಿ

ಸುಂದರಾ: "ನಾಕ ದಿನದಾಗ ಮಾರಿ ಮ್ಯಾಲ ಕಳಾ ಬಂದೈತಿ, ನೋಡ್ರಿ."

ಚಂದ್ರಿ ಅರ್ಧ ಲೀಟರ್ ಕಡಿಮೆ ಹಿಂಡುತ್ತಿದ್ದಾಳೆ.

ಹೇಳಬೇಕು. ಎಲ್ಲವನ್ನೂ. ನಾಳೆ.

1 ಮಾರ್ಚ್, ಸೋಮವಾರ

ಶಾಯಿ ತರುತ್ತೇನೆಂದು ಹೇಳಿ ಮಾಯಿಯನ್ನು ಕರೆದುಕೊಂಡು ಮಿರಜಿಗೆ. ದೊಡ್ಡಾಸ್ಪತ್ರೆ, ಮಕ್ಕಳ ಡಾಕ್ಟರು. ವಯಸ್ಸಾದ ಹೆಂಗಸು, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. ಮಾಯಿಯ ಬೆನ್ನ ಹಿಂದೆ ಗಂಟೆ ಬಾರಿಸಿದರು, ಕಾಗದ ಹರಿದರು, ಪಿಸುಗುಟ್ಟಿದರು. ಪ್ರತಿ ಸಲ ತಿರುಗಿದಳು. ಕಿವಿ ಚೆನ್ನಾಗಿದೆ.

"ಮಣ್ಣು, ಸುಣ್ಣ, ಬಣ್ಣ — ಏನರ ತಿಂತಾಳೇನ್ರಿ?"

ಇಲ್ಲ ಅಂದೆ.

"ಬಾಯಾಗ ಏನರ ಇಟಗೊಳ್ಳೂ ಚಟಾ?"

ಇಲ್ಲ.

"ನಿಮ್ಮ ಉದ್ಯೋಗ?"

ವ್ಯಾಪಾರ ಅಂದೆ. ಬರೆದುಕೊಂಡರು.

ಶಾಯಿ ತರುವುದು ಮರೆತೆ.

2 ಮಾರ್ಚ್

ಇದನ್ನು ಯಾರೂ ಓದುವುದಿಲ್ಲ. ಆದರೂ ಇಲ್ಲಿ ಕೂಡ ಬರೆದಿರಲಿಲ್ಲ.

ಬಾಯಲ್ಲಿ ಇಟ್ಟುಕೊಳ್ಳುತ್ತಾಳೆ. ಒಂದೂವರೆ ವರ್ಷವಾಯಿತು. ಮೊಳೆ ಸೀಸದ್ದು. ಅಕ್ಷರದವು ಅವಳಿಗೆ ಬೇಡ. ಶಬ್ದ ಶಬ್ದಗಳ ನಡುವೆ ಇಡುವ ಖಾಲಿ ತುಂಡುಗಳು ಬೇಕು — ಅಚ್ಚಿನಲ್ಲಿ ಮೂಡದಂಥವು. ದವಡೆಯಲ್ಲಿ ಮೂರು ನಾಲ್ಕು. ಉಗುಳಿಸುತ್ತೇನೆ, ಒರೆಸಿ ಕೇಸಿಗೆ ಹಾಕುತ್ತೇನೆ. ಹೋದ ಮಳೆಗಾಲದಲ್ಲಿ ಒಂದನ್ನು ನುಂಗಿದಳು. ಮೂರನೆಯ ದಿನ ಬಂತು. ತೊಳೆದು ಅದನ್ನೂ ಕೇಸಿಗೆ ಹಾಕಿದೆ. ಹತ್ತು ಪಾಯಿಂಟಿನದು, ಹೊಸದು.

ಸೀಸ ಒಳ್ಳೆಯದಲ್ಲ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಂಪೋಜಿಟರರು ಬೆಲ್ಲ ತಿನ್ನಬೇಕು, ಹಾಲು ಕುಡಿಯಬೇಕು ಎಂದು ನನಗೆ ಕೆಲಸ ಕಲಿಸಿದವರೇ ಹೇಳಿದ್ದರು. ಆದರೆ ಮಗು ಸುಮ್ಮನಿತ್ತು. ಸುಮ್ಮನಿರುವ ಮಗುವನ್ನು ಯಾರು ಏಳಿಸುತ್ತಾರೆ?

ಡಾಕ್ಟರ ಮುಂದೆ ಎರಡು ಸಲ ಇಲ್ಲ ಅಂದೆ. ಮೂರನೆಯ ಸಲ ವ್ಯಾಪಾರ ಅಂದೆ.

3 ಮಾರ್ಚ್

ಮತ್ತೆ ಮಿರಜ. ಈ ಸಲ ಸುಂದರಾಳನ್ನೂ ಕರೆದುಕೊಂಡು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿದ ಮೇಲೆ ಎಲ್ಲ ಹೇಳಿದೆ. ಶಾಯಿ, ಬಾಲ, ಅಂಬಲಿ. ಕೊನೆಗೆ ಮೊಳೆ. ಕೆಳದನಿಯಲ್ಲಿ, ಪ್ರೂಫ್ ಓದಿದ ಹಾಗೆ. ಸುಂದರಾ ಕಿಟಕಿಯ ಹೊರಗೆ ಕಬ್ಬು ನೋಡುತ್ತಿದ್ದಳು. ಬಸ್ಸು ಕೃಷ್ಣೆ ದಾಟಿತು. ಮಾತಿಲ್ಲ. ಮಗಳಿಗೆ ಈ ಮೌನ ಎಲ್ಲಿಂದ ಬಂತೋ ಎಂದು ಅಷ್ಟು ವರ್ಷ ಯೋಚಿಸಿದೆವಲ್ಲ…

ಕಾಗವಾಡ ಬಂದಾಗ ತಿರುಗಿದಳು.

"ಅತ್ತಿ ಎಮ್ಮಿ ಕೂದಲಾ ಕೊಟ್ಟರು. ನನ್ನ ತಮ್ಮ ಬೂದಿ ಕೊಟ್ಟ. ನಾ ವೇಖಂಡ ಕೊಟ್ಟೆ. ನೀವು ಸೀಸಾ ಕೊಟ್ಟರಿ. ಆ ಕೂಸಿಗೆ ಮಾತ ಕೊಟ್ಟಾವ್ರು ಯಾರರ ಅದಾರೇನ್ರಿ ನಮ್ಮ ಮನ್ಯಾಗ?"

ಕಂಡಕ್ಟರ್ ಕೂಡ ಉತ್ತರಕ್ಕೆ ಕಾದ ಹಾಗೆ ಕಂಡಿತು.

ಡಾಕ್ಟರ ಮೇಜಿನ ಮೇಲೆ ಕರವಸ್ತ್ರದ ಗಂಟು ಬಿಚ್ಚಿದೆ. ಹದಿನಾರು ಮೊಳೆ. ಒಂದನ್ನೆತ್ತಿ ಅಂಗೈಯಲ್ಲಿ ತೂಗಿದರು. ಆಮೇಲೆ ನನ್ನನ್ನು. "ವ್ಯಾಪಾರ," ಅಂದರು. ಕಾಗದ ತೆಗೆದು ಆ ಶಬ್ದ ಹೊಡೆದುಹಾಕಿದರು. ನನ್ನ ರಕ್ತ, ಮಾಯಿಯ ರಕ್ತ, ಎರಡನ್ನೂ ಮುಂಬಯಿಗೆ ಕಳಿಸುತ್ತಾರೆ. ಮಾಯಿ ನರ್ಸಿನ ಮುಂಗೈ ಕಚ್ಚಿದಳು. ಸದ್ದಿಲ್ಲದೆ.

27 ಮಾರ್ಚ್

ಮಿರಜ. ರಕ್ತದ ವರದಿ ಬಂದಿದೆ. ಸೀಸ — ಮಾಯಿಗೆ ಮೂವತ್ತೆಂಟು. ನನಗೆ ಐವತ್ತೊಂದು. ಮಕ್ಕಳಿಗೆ ಹತ್ತರ ಒಳಗಿರಬೇಕಂತೆ. ಈ ಸಲ ಅಂಕಿಗಳು ಪೆನ್ನಿನಲ್ಲಿವೆ, ಉಳಿದದ್ದು ಅಚ್ಚು. ಹೀಗಿರಬೇಕು ವರದಿ.

"ಇದಕ್ಕನ ಮಾತ ನಿಂತೈತಿ ಅಂತ ನಾ ಬರದ ಕೊಡೂದಿಲ್ಲ," ಅಂದರು ಡಾಕ್ಟರು. "ಇದಕ್ಕಲ್ಲ ಅಂತನೂ ಬರದ ಕೊಡೂದಿಲ್ಲ. ಒಳಗ ಏನ ಆಗೇತೋ ಪೂರಾ ಯಾರಿಗೂ ಗೊತ್ತಿಲ್ಲ. ಸೀಸಾ ದೂರ ಮಾಡ್ರಿ. ಅದು ನಮ್ಮ ಕೈಯಾಗ ಐತಿ."

ಪ್ರೆಸ್ಸಿನ ಬಾಗಿಲು ಅವಳಿಗೆ ಬಂದ್. ನಾನು ಪ್ರೆಸ್ಸಿನ ಅಂಗಿಯನ್ನು ಮನೆಯೊಳಗೆ ತರುವ ಹಾಗಿಲ್ಲ. ಕೈ ತೊಳೆಯುವುದು. ಕಬ್ಬಿಣದ ಔಷಧಿ, ಹಾಲು, ಸೊಪ್ಪು. ಕೂಡಲೇ ಇಳಿಸುವ ಇಂಜೆಕ್ಷನ್ನು ಈ ಅಂಕಿಗೆ ಬೇಡವಂತೆ.

ಸುಂದರಾ ಧಾತುಶುದ್ಧಿಯ ಡಬ್ಬಿ ತೋರಿಸಿದಳು. ಮೂಸಿದರು.

"ಇದನ್ನ ಯಾರ ಕುಡಿಯಾಕತ್ತಾರ?"

"ಎಮ್ಮಿರಿ."

ಡಬ್ಬಿಯ ಮುಚ್ಚಳ ಮುಚ್ಚಿದರು. "ನಿಲ್ಲಸ್ರಿ. ಎಮ್ಮಿಗೂ."

ಹೊರಡುವಾಗ ನನಗೆ: "ದಿನಾ ಅರ್ಧಾ ತಾಸು ಕೂಸಿನ ಜೋಡಿ ಮಾತಾಡಬೇಕು ನೀವು. ಎರಡ ಶಬ್ದ ಕೂಡಿಸಿ ಅಂದ ದಿನ ನನಗೊಂದು ಕಾರ್ಡ ಹಾಕ್ರಿ."

ಮಿರಜ ಸ್ಟ್ಯಾಂಡಿನಲ್ಲೇ ಕಾರ್ಡ್ ಕೊಂಡೆ. ವಿಳಾಸ ಬರೆದಿಟ್ಟೆ.

5 ಏಪ್ರಿಲ್

ಅರ್ಧ ತಾಸು ಬಹಳ ಉದ್ದ. ಮೊದಲ ದಿನ ನಾಲ್ಕು ನಿಮಿಷದಲ್ಲಿ ನನ್ನ ಮಾತು ಮುಗಿಯಿತು. ಹೆಸರು, ಊರು, ಇವತ್ತಿನ ವಾರ. ಉಳಿದ ಇಪ್ಪತ್ತಾರು ನಿಮಿಷ ಲಗ್ನಪತ್ರಿಕೆ ಓದಿದೆ. ವರ, ವಧು, ಮುಹೂರ್ತ, ಅಕ್ಷತಾರೋಪಣ. ಮಾಯಿ ಗಂಭೀರವಾಗಿ ಕೇಳಿದಳು.

ಅವ್ವ: "ನಾಕ ವರ್ಷದ ಕೂಸಿಗೆ ಲಗ್ನದ್ದ ಸುದ್ದಿ ಯಾಕೋ? ಎಮ್ಮಿ ತೋರಿಸಿ ಎಮ್ಮಿ ಅನ್ನು. ನೀರ ತೋರಿಸಿ ನೀರ ಅನ್ನು."

ಎಮ್ಮೆಯ ಮುಂದೆ ಕೂತು ಎಮ್ಮೆ ಅಂದೆ. ನಲವತ್ತಾರು ವರ್ಷದವನಿಗೆ ಇದು ಸುಲಭವಲ್ಲ. ಪಕ್ಕದ ಮನೆಯ ಸೋನಾಬಾಯಿ ಗೋಡೆಯ ಮೇಲಿಂದ ನೋಡಿ ಒಳಗೆ ಹೋದಳು.

ಮಾಯಿ ಪ್ರೆಸ್ಸಿನ ಬಾಗಿಲನ್ನು ದಿನಾ ಗುದ್ದುತ್ತಾಳೆ. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತೇನೆ.

20 ಏಪ್ರಿಲ್

ಬಾಬಾಸಾಹೇಬ, ಆರ್ಡರಿನೊಂದಿಗೆ. ಟೈ ಈಗ ಎದೆಯ ಮೇಲೇ ಇದೆ — ಪಿನ್ನು ಹಾಕಿದ್ದಾನೆ. ರಾಯಬಾಗ, ಅಥಣಿ, ಐಗಳಿ, ಎಲ್ಲ ಕಡೆ ಗಿರಾಕಿ. ವರದಿ ಫಾರ್ಮು ಸಾಲುತ್ತಿಲ್ಲ. "ದಾಜಿ, ಒಂದ ಸಾವಿರ ಹೊಡದ ಕೊಡ್ರಿ. ಇದ ಮಜಕೂರು. 'ಅತಿ ಹೆಚ್ಚು' ಮಾತ್ರ ಇನ್ನೊಂಚೂರು ದಪ್ಪ."

ಆಗಲಿ ಅಂದೆ. ಮಧ್ಯಾಹ್ನಕ್ಕೆ ಕಂಪೋಜ್ ಮಾಡಿ ಪ್ರೂಫ್ ಕೊಟ್ಟೆ. ಓದಲಿಲ್ಲ. ಪ್ರೂಫನ್ನು ಯಾರೂ ಓದುವುದಿಲ್ಲ. 'ಓಕೆ' ಎಂದು ಸಹಿ ಹಾಕಿದ.

ಸುಂದರಾ ಅವನ ಕೈಯಿಂದ ಕಸಿದುಕೊಂಡು ಗಟ್ಟಿಯಾಗಿ ಓದಿದಳು. ಕೊನೆಯ ಸಾಲು, ಎಂಟು ಪಾಯಿಂಟಿನಲ್ಲಿ: "ಈ ಫಲಿತಾಂಶವು ಎಮ್ಮೆಗಳಿಗೂ ಅನ್ವಯಿಸುತ್ತದೆ."

"ಇದೇನ ದಾಜಿ, ಚೇಷ್ಟಿ ಮಾಡತೀರೇನು?"

"ಚೇಷ್ಟಿ ಅಲ್ಲೋ," ಅಂದಳು ಅವ್ವ. "ನೀ ಕಣ್ಣಿಗೊತಗೊಂಡು ಒಯ್ದದ್ದು ಚಂದ್ರಿ ಬಾಲಾ."

ಅವನು ಸ್ಟೂಲಿನ ಮೇಲೆ ಕೂತ. ಬೈಯುತ್ತಾನೆ ಅಂದುಕೊಂಡೆ. ಟೈಯ ಪಿನ್ನು ತಿರುವುತ್ತ ಹೇಳಿದ: "ನಮ್ಮ ಹುಡುಗ ದಶರಥನೂ ಕುಡಿಯಾಕತ್ತಾನ್ರಿ. ಮೂರ ತಿಂಗಳಾತು. ಸಾಲ್ಯಾಗ ಲೆಕ್ಕಾ ಬರೂದಿಲ್ಲಂತ…"

ಅವನು ನಂಬಿದ್ದ. ಅದು ನನಗೆ ಹೊಳೆದಿರಲಿಲ್ಲ.

"ಇವತ್ತ ನಿಲ್ಲಸೋ," ಅಂದಳು ಸುಂದರಾ. "ಎಮ್ಮಿಗೂ ಬ್ಯಾಡ ಅಂದಾರ ಡಾಕ್ಟರು. ಉಳದವ್ರ ಮನೀಗೂ ಹೋಗಿ ಹೇಳು."

"ಏನಂತ ಹೇಳಲಿ ಅಕ್ಕಾ?"

"ಎಮ್ಮಿ ಸುದ್ದಿ ಹೇಳು. ನಕ್ಕ ಬಿಟ್ಟ ಬಿಡತಾರ."

ಬ್ರೀಫ್‌ಕೇಸು ಇಲ್ಲೇ ಬಿಟ್ಟು ಹೋದ. ಕಂಪೋಜ್ ಒಡೆದು ಮೊಳೆಗಳನ್ನು ಕೇಸಿನ ಮನೆಮನೆಗೆ ಹಂಚಿದೆ. ಕೊನೆಯ ಸಾಲು ಒಡೆಯಲು ಮನಸ್ಸು ಬರಲಿಲ್ಲ. ನನ್ನ ಸ್ವಂತ ರಚನೆ ಅದೊಂದೇ.

11 ಮೇ, ಮಂಗಳವಾರ

ಚಿಂಚಲಿ. ಜಾವಳ ಆಯಿತು. ತಲೆ ತೋಯಿಸುವಾಗ ಹಡಪದ ಕೇಳಿದ: "ಅಳೂದಿಲ್ಲೇನ್ರಿ ಕೂಸು? ಎಲ್ಲಾ ಕೂಸು ಅಳತಾವು." ಅವ್ವ ಮುಖ ಬೇರೆ ಕಡೆ ಮಾಡಿದಳು. ಕೂದಲನ್ನೆಲ್ಲ ಒಂದು ಎಳೆ ಬಿಡದೆ ಆರಿಸಿ, ಭಂಡಾರ ಹಚ್ಚಿ ದೇವಿಗೆ ಒಪ್ಪಿಸಿದಳು. "ಪೂರಾ ಐತಿ ನೋಡವ್ವ, ಎಣಿಸ್ಕೋ. ಕಂಪನಿಗೆ ಒಂದ ಎಳಿನೂ ಕೊಟ್ಟಿಲ್ಲ."

ಬೋಳುತಲೆ ಎಷ್ಟು ಸಣ್ಣದು. ಅಷ್ಟರೊಳಗೆ ಏನೇನು ಆಗಬೇಕೋ ಅದೆಲ್ಲ ಆಗಬೇಕು. ಬಸ್ಸಿನಲ್ಲಿ ಅದರ ಮೇಲೆ ಕೈ ಇಟ್ಟುಕೊಂಡು ಕೂತೆ. ಕೈ ಮೂರು ಸಲ ತೊಳೆದಿದ್ದೆ.

14 ಜೂನ್

ಬೆಳಗ್ಗೆ, ಹಿತ್ತಲಲ್ಲಿ, ಸ್ಪಷ್ಟವಾಗಿ: "ಚಂದಿ."

ಎಮ್ಮೆ ತಿರುಗಿ ನೋಡಿತು. ಸುಂದರಾ ಚರಿಗೆ ಕೈಬಿಟ್ಟಳು. ಅವ್ವ ಎಮ್ಮೆಗೆ ಆರತಿ ಎತ್ತಿದಳು.

ಎಪ್ಪತ್ತು ದಿನ ಅರ್ಧರ್ಧ ತಾಸು ಮಾತಾಡಿದವನು ನಾನು. ಇರಲಿ.

9 ಆಗಸ್ಟ್, ಸೋಮವಾರ, ಮಧ್ಯಾಹ್ನ 12-50

ಶನಿವಾರದ ಟಪಾಲಿಗೆ ಎರಡನೆಯ ವರದಿ. ಮಾಯಿಗೆ ಇಪ್ಪತ್ತೇಳು. ಇಳಿಯುತ್ತಿದೆ, ನಿಧಾನ. ಆದ ಹಾನಿ ಎಷ್ಟು ಸರಿಹೋಗುತ್ತದೆ ಎಂದು ಡಾಕ್ಟರು ಈ ಸಲವೂ ಬರೆದು ಕೊಟ್ಟಿಲ್ಲ.

ಶಬ್ದಗಳು ಇಲ್ಲಿಯವರೆಗೆ ಆರು. ಬಂದ ಕ್ರಮದಲ್ಲಿ: ಚಂದಿ, ನೀರ, ಬ್ಯಾಡ, ಅಜ್ಜಿ, ಸಾಕ, ಬಾ. ಒಂದೊಂದೇ, ಬಿಡಿಬಿಡಿ. ಪಟ್ಟಿಯಲ್ಲಿ ನಾನಿಲ್ಲ. ಸುಂದರಾಳೂ ಇಲ್ಲ. ಅವಳಿಗೆ ಅದರ ದುಃಖವಿದೆ. ನನಗೆ ದುಃಖಪಡುವ ಹಕ್ಕಿದೆಯೇ ಎಂದು ಇನ್ನೂ ತೀರ್ಮಾನವಾಗಿಲ್ಲ.

ಕಾರ್ಡ್ ಡ್ರಾವರಿನಲ್ಲೇ ಇದೆ. ಅಂಚು ಮಾಸಿದೆ.

ಅವ್ವ ಸದಲಗಾಕ್ಕೆ ಹೋಗಿದ್ದಾಳೆ, ಬಾಬಾಸಾಹೇಬನ ಮಗನನ್ನು ನೋಡಲು. ಒಂದು ಗಂಟೆಗೆ ಕರೆಯುವವರಿಲ್ಲ. ಈಗ ಪಡಸಾಲೆಯಲ್ಲಿ ಕೂತು ಬರೆಯುವುದು — ತೊಳೆದ ಅಂಗಿ, ತೊಳೆದ ಕೈ. ಇವತ್ತು ಪುಟ ತುಂಬಿಸಬಹುದು. ಬಹಳ ದಿನದಿಂದ ಒಂದು ವಿಷಯ ಬರೆಯಬೇಕೆಂದಿದ್ದೆ: ಮಾತಿಲ್ಲದ ಮನೆಯಲ್ಲಿ ಅಚ್ಚಿನ ಮನುಷ್ಯನೊಬ್ಬ

ಬಾಗಿಲಲ್ಲಿ ಮಾಯಿ. ತಲೆಯಲ್ಲಿ ಅರ್ಧ ಇಂಚು ಕೂದಲು, ಹುಬ್ಬು ಗಂಟು. ಅವ್ವ ನಿಲ್ಲುವ ಜಾಗದಲ್ಲೇ, ಅವ್ವನ ಹಾಗೆ ಸೊಂಟಕ್ಕೆ ಕೈ.

"ಸಾಕ ಬಾ."

ಎರಡು. ಕೂಡಿಸಿ. ನಡುವೆ ಸರಿಯಾಗಿ ಒಂದು ಖಾಲಿ ಮೊಳೆಯಷ್ಟು ಜಾಗ. ಕಾರ್ಡ್ — ಡ್ರಾವರಿನ ಕೀಲಿ ಪ್ರೆಸ್ಸಿನ ಅಂಗಿಯ ಕಿಸೆಯಲ್ಲಿ. ಮತ್ತೆ ಅಂದಳು. ಪೆನ್ನು ಹಿಡಿದು ಎಳೆಯು